ಬೆಳಗಾಗುವವರೆಗೆ ನಿನ್ನೆಯೇ

ಪಕ್ಕದ ಮನೆಯ ಹುಡುಗಿಗೆ ಕಂಪ್ಯೂಟರ್ ವಿಷಯದಲ್ಲಿ ಪಿಎಚ್.ಡಿ. ಮಾಡಲು ಸೀಟು ಸಿಕ್ಕಿದೆ. ಹೊರಡುವ ಮೊದಲು ಬಂದು, "ಅಜ್ಜಿ, ನೀವೂ ಒಂದು ಕಾಲದಲ್ಲಿ ಇದಕ್ಕೇ ಹೋಗಿದ್ರಂತೆ. ಅಲ್ಲಿ ಎಂತೆಂತ ಇರ್ತದೆ ಹೇಳಿ" ಅಂದಳು. ಗೈಡಿಗೆ ಏನು ಬರೆದು ಕೊಟ್ಟರೂ ಒಂದು ಪ್ರತಿ ಇಟ್ಟುಕೋ ಅಂದೆ. ಅವಳು ನಕ್ಕಳು. ಈಗ ಪ್ರತಿ ತಾನಾಗಿಯೇ ಉಳಿಯುತ್ತದಂತೆ. ನನ್ನದು ಉಳಿಯಲಿಲ್ಲ, ಆ ಸಿಟ್ಟು ಇನ್ನೂ ಆರಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಕುಮಟೆಯಲ್ಲಿ ಗಣಿತ ಕಲಿಸುತ್ತಿದ್ದೆ. ಮುಂಬಯಿಯ ಒಂದು ಸಂಸ್ಥೆಗೆ ಲೆಕ್ಕ ಮಾಡುವ ಯಂತ್ರ ಬಂದಿದೆ, ಅದರ ಮೇಲೆ ಸಂಶೋಧನೆ ಮಾಡಲು ವಿದ್ಯಾರ್ಥಿಗಳು ಬೇಕು ಎಂದು ಪತ್ರಿಕೆಯಲ್ಲಿ ಓದಿ ಅರ್ಜಿ ಹಾಕಿದೆ. ಆರಿಸಿಕೊಂಡರು. ಕಂಪ್ಯೂಟರ್ ಎಂಬ ಹೆಸರಿನಲ್ಲಿ ಡಾಕ್ಟರೇಟು ಆಗ ಇರಲಿಲ್ಲ, ಗಣಿತದಲ್ಲೇ ಕೊಡುವರು. "ಹೆಣ್ಣು ಹುಡುಗಿಗೆ ಯಂತ್ರದ ಹತ್ರ ಎಂತ ಕೆಲಸ?" ಎಂದು ಊರೆಲ್ಲ ಕೇಳಿತು. ಕೇಳಿದವರಿಗೆಲ್ಲ ಉತ್ತರ ಕೊಟ್ಟೇ, ಮುಂಬಯಿಯ ರೈಲು ಹಿಡಿಯಲು ಹುಬ್ಬಳ್ಳಿಯ ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಯಂತ್ರ ಗಾಜಿನ ಆಚೆ. ನಮಗೆ ಒಳಗೆ ಪ್ರವೇಶವಿಲ್ಲ. ಮೊದಲ ವರ್ಷವಿಡೀ ಯಂತ್ರಕ್ಕೆ ಅಂಕಿ ಉಣಿಸುವ ಕಾರ್ಡುಗಳಿಗೆ ತೂತು ಹೊಡೆದೆ. ಕಟ್ಟು ಕಟ್ಟಿ ಕಿಟಕಿಯಲ್ಲಿ ಕೊಟ್ಟರೆ ಮರುದಿನ ಉತ್ತರ ಬರುತ್ತಿತ್ತು. ಒಂದು ತೂತು ತಪ್ಪಿದ್ದರೆ ಅದೂ ಇಲ್ಲ. ಆದರೂ ನನಗೆ ಖುಷಿಯಿತ್ತು. ಗೈಡು ನನ್ನನ್ನು ಮಗಳೇ ಎಂದು ಕರೆಯುತ್ತಿದ್ದರು, ಹಬ್ಬಕ್ಕೆ ಮನೆಗೆ ಕರೆದು ಊಟಕ್ಕೆ ಹಾಕುತ್ತಿದ್ದರು. ಬೆಳ್ಳಗಿರುವುದೆಲ್ಲ ಹಾಲು ಅಂದುಕೊಳ್ಳುವ ವಯಸ್ಸು ನನ್ನದು.

ಎರಡನೆಯ ವರ್ಷ ಅವರೇ ವಿಷಯ ಕೊಟ್ಟರು. ಒಂದು ವರ್ಷದ ಉಬ್ಬರ ಇಳಿತದ ಅಳತೆ ತಂದರೆ ಮುಂದಿನ ವರ್ಷದ್ದನ್ನು ಯಂತ್ರ ಹೇಳುವಂತೆ ಮಾಡಬಹುದು. ನೀನು ಆ ಕರಾವಳಿಯವಳು, ನಿನ್ನ ಜನ ನಿನಗೆ ಮಾಡಿಕೊಡುತ್ತಾರೆ ಅಂದರು. ಊರಿಗೆ ಬಂದು ಭಟ್ಕಳದ ಬಂದರಿನಲ್ಲಿ ಒಂದು, ಹೊನ್ನಾವರದಲ್ಲಿ ದೋಣಿ ನಿಲ್ಲುವ ಧಕ್ಕೆಯಲ್ಲಿ ಒಂದು, ಅಡಿ ಅಂಗುಲ ಬರೆದ ಕಂಬ ನಿಲ್ಲಿಸಿದೆ. ಭಟ್ಕಳದ ಕಂಬಕ್ಕೆ ಯಾರೋ ದೋಣಿ ಕಟ್ಟಿದರು. ಅದು ವಾರದೊಳಗೆ ದೋಣಿಯ ಹಿಂದೆಯೇ ಹೋಯಿತು. ಹೊನ್ನಾವರದ್ದು ಉಳಿಯಿತು. ಅಲ್ಲಿ ಶರಾವತಿಗೆ ಆಗ ಸೇತುವೆ ಇರಲಿಲ್ಲ, ದೋಣಿಯಲ್ಲೇ ದಾಟಬೇಕು. ಧಕ್ಕೆಯ ಪಕ್ಕದಲ್ಲೇ ಮನೆಯಿದ್ದ ಒಬ್ಬ ವಯಸ್ಸಾದ ದೋಣಿಯವರು ಬರೆದಿಡಲು ಒಪ್ಪಿದರು. ನಾಲ್ಕನೆಯ ಇಯತ್ತೆವರೆಗೆ ಓದಿದ್ದರು, ಅಕ್ಷರ ಮುತ್ತಿನಂತಿತ್ತು. ತಿಥಿಯ ಸಂಖ್ಯೆಯನ್ನು ಮುಕ್ಕಾಲರಿಂದ ಗುಣಿಸಿ ಉಬ್ಬರದ ಗಂಟೆಯನ್ನು ಬಾಯಲ್ಲೇ ಹೇಳುತ್ತಿದ್ದರು. ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತಿತ್ತು. ನಾನು ಕೊಟ್ಟಿದ್ದು ಒಂದು ಅಲಾರಂ ಗಡಿಯಾರ ಮತ್ತು ನೋಟುಬುಕ್ಕುಗಳು. "ಮುಕ್ಕಾಲರ ಮಗ್ಗಿ ಇರೂವಾಗ ಯಂತ್ರ ಎಂತಕ್ಕೆ ತಂಗಿ?" ಎಂದು ನಗುತ್ತಲೇ ಒಂದು ವರ್ಷ ತಪ್ಪದೆ ಬರೆದರು.

ಆ ವರ್ಷದ ಅಂಕಿಗಳನ್ನೆಲ್ಲ ಕಾರ್ಡಿಗೆ ಏರಿಸಿ ಕಿಟಕಿಯಲ್ಲಿ ಕೊಟ್ಟೆ. ಬಂದ ಉತ್ತರದಲ್ಲಿ ಸಮುದ್ರಕ್ಕೆ ಹುಚ್ಚು ಹಿಡಿದಿತ್ತು. ಕೆಲವು ಕಡೆ ಎರಡು ಉಬ್ಬರ ಒಟ್ಟಿಗೇ, ಕೆಲವು ಕಡೆ ಅರ್ಧ ದಿನ ನೀರೇ ಇಲ್ಲ. ಗೈಡು ಎಲ್ಲರ ಎದುರು ಕಾಗದ ಎತ್ತಿ ತೋರಿಸಿ, ನಿಮ್ಮೂರಲ್ಲಿ ಕಡಲಿಗೂ ಶಿಸ್ತಿಲ್ಲವೇ ಅಂದರು. ಉಳಿದವರು ನಕ್ಕರು. ವರ್ಷದ ಕೊನೆಯಲ್ಲಿ ನನ್ನ ಸೀಟು ಮುಂದುವರಿಸಬೇಕೋ ಬೇಡವೋ ಎಂಬ ತೀರ್ಮಾನ ಇದರ ಮೇಲೆಯೇ ನಿಂತಿತ್ತು. ರಜೆ ಹಾಕಿ, ನೋಟುಬುಕ್ಕುಗಳನ್ನು ಹಿಡಿದು ಸೀದಾ ಹೊನ್ನಾವರಕ್ಕೆ ಬಂದೆ.

ದೋಣಿಯವರೊಡನೆ ಕೂತು ಒಂದೊಂದೇ ಪುಟ ನೋಡಿದೆ. ರಾತ್ರಿ ಒಂದು ಗಂಟೆಗೆ ಬಂದ ಉಬ್ಬರ ಹಿಂದಿನ ದಿನದ ತಾರೀಕಿನಲ್ಲಿತ್ತು. ಎಲ್ಲ ಪುಟದಲ್ಲೂ ಹಾಗೆಯೇ. ಯಾಕೆ ಎಂದು ಕೇಳಿದರೆ ಅವರಿಗೆ ಸಿಟ್ಟೇ ಬಂತು.

"ಬೆಳಕೇ ಹರೀಲಿಲ್ಲ, ತಾರೀಕು ಬದಲಾಗೂದು ಎಂತಕ್ಕೆ? ಸೂರ್ಯ ಮೂಡೂವರೆಗೆ ಅದು ನಿನ್ನೆಯೇ ಅಲ್ದ?"

ನನಗೆ ನಗುವೂ ಅಳುವೂ ಒಟ್ಟಿಗೆ ಬಂದವು. ನಮ್ಮಲ್ಲಿ ದಿನ ಸೂರ್ಯೋದಯಕ್ಕೇ ಶುರು, ಏಕಾದಶಿಯೂ ಹಾಗೆಯೇ. ಆ ನೋಟುಬುಕ್ಕುಗಳನ್ನು ಓದುವಾಗ ನನ್ನ ಕಣ್ಣಿಗೂ ಅದು ಸರಿಯಾಗಿಯೇ ಕಂಡಿತ್ತು, ನಾನೂ ಆ ನೀರು ಕುಡಿದವಳೇ ತಾನೇ. ಆದರೆ ಯಂತ್ರಕ್ಕೆ ಏಕಾದಶಿ ಗೊತ್ತಿಲ್ಲ. ನಡುರಾತ್ರಿಯಿಂದ ಬೆಳಗಿನವರೆಗಿನ ಅಂಕಿಗಳಿಗೆ ಒಂದು ದಿನ ಕೂಡಿಸಿದರೆ ಮುಗಿಯಿತು, ಎಲ್ಲ ಸಾಲಿಗೆ ನಿಲ್ಲುತ್ತದೆ. ಹತ್ತು ದಿನದ್ದನ್ನು ಕೈಯಲ್ಲೇ ಮಾಡಿ ನೋಡಿದೆ, ನಿಂತಿತು. ಅದೇ ಸಂಜೆ ಕುಮಟೆಗೆ ಬಂದು ಗೈಡಿಗೆ ಇಂಗ್ಲಿಷಿನಲ್ಲಿ ನಾಲ್ಕು ಪುಟದ ಪತ್ರ ಬರೆದು, ನೋಟುಬುಕ್ಕುಗಳ ಜೊತೆಗೇ ಟಪಾಲಿಗೆ ಹಾಕಿದೆ. ಟಪಾಲು ಹೊರಡುವ ಹೊತ್ತಾಗಿತ್ತು, ಪ್ರತಿ ಮಾಡಿಕೊಳ್ಳಲಿಲ್ಲ.

ಎರಡು ವಾರದ ಮೇಲೆ ಮೂರು ಸಾಲಿನ ಉತ್ತರ ಬಂತು. ಅಳತೆಗಳು ನಂಬಲರ್ಹವಲ್ಲ, ತಿದ್ದಿದರೂ ಪ್ರಯೋಜನವಿಲ್ಲ, ಸೀಟು ಮುಂದುವರಿಸಲಾಗುತ್ತಿಲ್ಲ, ನೋಟುಬುಕ್ಕುಗಳು ದಾಖಲೆಗಾಗಿ ಇಲ್ಲೇ ಇರಲಿ. ನಾನು ನಂಬಿದೆ. ಅದೇ ನನಗೆ ಈಗಲೂ ನಾಚಿಕೆ. ಹತ್ತು ದಿನದ ಲೆಕ್ಕ ನನ್ನ ಕೈಯಲ್ಲೇ ಸರಿಬಂದಿತ್ತು, ಆದರೂ ಮಗಳೇ ಎಂದು ಕರೆದವರು ಸುಳ್ಳು ಹೇಳಲಾರರು ಎಂದು ನನ್ನ ಲೆಕ್ಕವನ್ನೇ ತಪ್ಪೆಂದುಕೊಂಡೆ. ಆ ಸಂಕಟವನ್ನು ತೀರಿಸಿಕೊಳ್ಳಲು ಧಕ್ಕೆಗೆ ಹೋಗಿ ದೋಣಿಯವರಿಗೆ, "ನಿಮ್ಮ ನಿನ್ನೆ-ಇವತ್ತಿನ ಗೊಂದಲದಿಂದ ನನ್ನ ಓದು ಹಾಳಾಯಿತು, ಇನ್ನು ಬರೆಯಬೇಡಿ" ಅಂದೆ. ಅವರು "ಆತು" ಅಂದರು, ಅಷ್ಟೇ. ಕುಮಟೆಯಲ್ಲಿ ಮತ್ತೆ ಪಾಠಕ್ಕೆ ಸೇರಿದೆ. ಆ ಕಡೆ ಹೋಗುವುದನ್ನೇ ಬಿಟ್ಟೆ.

ಎರಡು ವರ್ಷವಾದ ಮೇಲೆ ಹಳೆಯ ಸಹಪಾಠಿಯೊಬ್ಬಳು ಮುಂಬಯಿಯಿಂದ ಒಂದು ಇಂಗ್ಲಿಷ್ ಸಂಶೋಧನಾ ಪತ್ರಿಕೆ ಕಳಿಸಿದಳು. ಒಳಗೆ ಗೈಡಿನ ಲೇಖನ. ಹೊನ್ನಾವರದ ಒಂದು ವರ್ಷದ ಅಳತೆ, ಅದರ ಮೇಲೆ ಯಂತ್ರ ಹೇಳಿದ ಮುಂದಿನ ವರ್ಷದ ಉಬ್ಬರ ಇಳಿತ. ಕೆಳಗೆ ಒಂದು ಟಿಪ್ಪಣಿ: ಆ ಕರಾವಳಿಯಲ್ಲಿ ದಿನ ಸೂರ್ಯೋದಯಕ್ಕೆ ಶುರುವಾಗುವುದರಿಂದ ನಡುರಾತ್ರಿಯ ನಂತರದ ಅಂಕಿಗಳಿಗೆ ಒಂದು ದಿನ ಕೂಡಿಸಲಾಗಿದೆ. ನನ್ನ ಪತ್ರದ ವಾಕ್ಯವೇ, ಅಲ್ಪವಿರಾಮವೂ ಬದಲಾಗಿರಲಿಲ್ಲ. ಉಂಡೂ ಹೋದ, ಕೊಂಡೂ ಹೋದ ಅನ್ನುತ್ತಾರಲ್ಲ, ಹಾಗೆ. ನನ್ನ ಹೆಸರು ಎಲ್ಲೂ ಇರಲಿಲ್ಲ. ಕೊನೆಯಲ್ಲಿ ಕೃತಜ್ಞತೆ ಮಾತ್ರ ಇತ್ತು: ಹೊನ್ನಾವರದ ಒಬ್ಬ ನಿರಕ್ಷರಿ ಅಂಬಿಗನಿಗೆ.

ಆ ಭಾನುವಾರ ಪತ್ರಿಕೆ ಹಿಡಿದು ಧಕ್ಕೆಗೆ ಹೋದೆ. ದೋಣಿಯವರು ಬಲೆ ಹೊಲಿಯುತ್ತ ಕೂತಿದ್ದರು. ತಪ್ಪು ನಿಮ್ಮದಲ್ಲ, ನನಗೆ ಮೋಸವಾಯಿತು ಎಂದು ಹೇಳಿ, ಲೇಖನದ ಸಾಲುಗಳನ್ನು ಕನ್ನಡದಲ್ಲಿ ಓದಿ ಹೇಳಿದೆ. ಸಮಾಧಾನಕ್ಕೆಂದು ಕೃತಜ್ಞತೆಯ ಸಾಲನ್ನೂ ಓದಿದೆ.

"ನಿರಕ್ಷರಿ ಅಂದ್ರೆ ಎಂತ?"

"ಓದು ಬರಹ ಬಾರದವರು."

ಅವರು ಬಲೆ ಕೆಳಗಿಟ್ಟು ಒಳಗೆ ಹೋದರು. ಒಂದು ನೋಟುಬುಕ್ಕು ತಂದು ನನ್ನ ಕೈಗೆ ಕೊಟ್ಟರು. ನಾನು ಬರೆಯಬೇಡಿ ಅಂದ ಮರುದಿನದಿಂದ ಶುರುವಾಗಿ ಕೊನೆಯ ಪುಟದವರೆಗೆ ತುಂಬಿತ್ತು. ಅದೇ ಮುತ್ತಿನ ಅಕ್ಷರ. ರಾತ್ರಿ ಹನ್ನೆರಡು ಕಳೆದದ್ದೆಲ್ಲ ಹೊಸ ತಾರೀಕಿನಲ್ಲೇ ಇತ್ತು.

"ನಿಮಗೆ ಬೇಕಾದ ಹಾಗೇ ತಿದ್ದಿ ಬರ್ದಿದ್ದೆ ತಂಗಿ. ನೀವು ಬರ್ಲೇ ಇಲ್ಲ."