ಗ್ರಿಲ್ಲಿನ ಕೀಲಿ ಮತ್ತು ನಾಲ್ಕು ಮಹಡಿಯ ಶರಬತ್ತು

ಆ ದಿನ ಬೆಳಿಗ್ಗೆ ಎಂದಿನಂತೆ ಹಾಲು ಕಾಯಿಸಲಿಟ್ಟು, ದೋಸೆ ಹಿಟ್ಟಿನ ಕಡೆ ತಿರುಗಿದೆ. ರಾತ್ರಿಯ ಸೆಕೆಗೆ ಅದು ಉಬ್ಬಿ, ಮುಚ್ಚಳವನ್ನು ಟೋಪಿಯಂತೆ ತಲೆಯ ಮೇಲೆ ಹೊತ್ತು ಹೊರಗೆ ಇಣುಕುತ್ತಿತ್ತು. ನಾವು ಮಂಗಳೂರಿನಿಂದ ಪುಣೆಗೆ ಬಂದ ಹೊಸತರಲ್ಲಿ ಇಲ್ಲಿಯವರು "ನಮ್ಮೂರಿಗೆ ಫ್ಯಾನ್ ಬೇಡ" ಎಂದು ಜಂಬ ಕೊಚ್ಚುತ್ತಿದ್ದರು. ಈಗ ಮಾರ್ಚ್ ತಿಂಗಳಲ್ಲೇ ಹಿಟ್ಟಿಗೂ ಫ್ಯಾನ್ ಬೇಕು.

ಅಷ್ಟರಲ್ಲಿ ಕಿಟಕಿಯ ಹೊರಗೆ ಮೇಲಿನಿಂದ ಎರಡು ಹಗ್ಗ ಇಳಿದವು. ನಮ್ಮದು ನಾಲ್ಕನೆಯ ಮಹಡಿ. ಏಳು ಮಹಡಿಯ ಕಟ್ಟಡಕ್ಕೆ ಬಣ್ಣ ಬಳಿಯುವ ಕೆಲಸ ನಡೆದಿತ್ತು. ಹೋದ ವರ್ಷ ಮೇ ತಿಂಗಳಲ್ಲಿ ಬಳಿಸಿದ್ದೆವು. ಮಳೆಗಾಲಕ್ಕೆ ಮೊದಲೇ ಸುರಿದ ಮಳೆ ಹಸಿ ಬಣ್ಣವನ್ನು ಅತ್ತ ಹುಡುಗಿಯ ಕಾಡಿಗೆಯಂತೆ ಇಳಿಸಿಬಿಟ್ಟಿತ್ತು. ಈ ಸಲ ಮಳೆಗೆ ಹೆದರಿ ಬೇಗ ಶುರು ಮಾಡಿದರೆ, ಮಧ್ಯಾಹ್ನದ ಗೋಡೆ ಕಾವಲಿಯಾಗುತ್ತಿತ್ತು. ಹಾಗಾಗಿ ಪೇಂಟರು ಬೆಳಕು ಹರಿಯುವಾಗಲೇ ತಾರಸಿಯಿಂದ ಹಲಗೆ ಇಳಿಬಿಟ್ಟು, ಅದರ ಮೇಲೆ ಕೂತು, ನೆರಳು ಇರುವಷ್ಟು ಹೊತ್ತು ಮಾತ್ರ ಬಳಿಯುತ್ತಿದ್ದರು. ಇಡೀ ಕಟ್ಟಡದ ಗಂಡಸರು ಬನಿಯನ್ನು ಹಾಕಿಕೊಂಡೇ ಅಡುಗೆಮನೆಗೆ ಬರುವ ಶಿಸ್ತು ಕಲಿತದ್ದು ಆಗಲೇ.

ಹಿಂದಿನ ಸಂಜೆ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಯಾರೋ, ಬಿಸಿಲು ಭಯಂಕರವಾಗಿದೆ, ಪೇಂಟರಿಗೆ ಏನಾದರೂ ಕುಡಿಯಲು ಕೊಡಿ ಎಂದು ಬರೆದಿದ್ದರು. ನಾನು ನಿಂಬೆ ಶರಬತ್ತು ಮಾಡಿಟ್ಟೆ. ಮನೆಗೆ ಬಂದವರಿಗೆ ಉಪಚಾರ ಮಾಡುವುದನ್ನು ಕಾನ್ವೆಂಟಿನ ಸಿಸ್ಟರುಗಳು ನಮಗೆ ಚೆನ್ನಾಗಿಯೇ ಕಲಿಸಿದ್ದರು. ಬಾಗಿಲಿಗೆ ಬಂದವರಿಗೆ, ಅಷ್ಟೆ. ಕಿಟಕಿಗೆ ಬಂದವರ ಬಗ್ಗೆ ಪಾಠವಿರಲಿಲ್ಲ.

ಹಲಗೆ ನಮ್ಮ ಕಿಟಕಿಗೆ ಇಳಿಯುವಾಗ ಹತ್ತು ಗಂಟೆ ದಾಟಿತ್ತು. ಅದರ ಮೇಲೆ ಕಲಬುರಗಿ ಕಡೆಯ ಪೇಂಟರೊಬ್ಬರು; ಮೀಸೆಯ ಒಂದು ತುದಿ ಬೂದಿಬಣ್ಣ, ಅದು ನಮ್ಮ ಗೋಡೆಯದೇ.

"ಗುಡ್ ಮಾರ್ನಿಂಗ್. ಸ್ವಲ್ಪ ಶರಬತ್ತು ಕುಡಿಯಿರಿ," ಎಂದು ಗ್ರಿಲ್ಲಿನ ಸಂದಿಯಲ್ಲಿ ಸಪೂರ ಲೋಟ ತೂರಿಸಿದೆ.

"ಬ್ಯಾಡ್ರಿ ಅಕ್ಕಾರ."

"ಸಂಕೋಚ ಬೇಡ."

"ಸಂಕೋಚ ಅಲ್ರಿ..."

"ಈ ಬಿಸಿಲಲ್ಲಿ ಬೇಡ ಅನ್ನಬಾರದು ಮಾರಾಯ್ರೆ!"

ಔಷಧಿ ಕುಡಿಯುವ ಮುಖ ಮಾಡಿ ಕುಡಿದರು. ನನಗೆ ಸಮಾಧಾನವಾಯಿತು. ಸ್ವಲ್ಪ ಹೊತ್ತಿಗೆ ರೋಲರಿನ ಸದ್ದು ನಿಂತಿತು. ನೋಡಿದರೆ ಅವರು ಹಲಗೆಯ ಮೇಲೆ ಕಾಲಿನ ಮೇಲೆ ಕಾಲು ಹಾಕಿ, ಕಣ್ಣು ಮುಚ್ಚಿ, ಜಪಕ್ಕೆ ಕೂತವರ ಹಾಗೆ ಕೂತಿದ್ದರು.

"ಏನಾಯಿತು? ತಲೆ ಸುತ್ತುತ್ತಿದೆಯಾ?"

"ತಲೀ ಅಲ್ರಿ," ಎಂದರು ಬಹಳ ಮೆಲ್ಲಗೆ. "ಏಳನೇ ಮಾಳಗಿಯೊಳಗ ಮಾವಿನಕಾಯಿ ಪನ್ಹೆ ಕೊಟ್ರು. ಆರನೇದಾಗ ಕೋಕಂ ಶರಬತ್ತು. ಐದನೇದಾಗ ಕಾಕೂ ಎರಡು ಲೋಟ ಮಜ್ಜಿಗಿ ಕುಡಿಸ್ಯಾರ. ಈಗ ನಿಮ್ದು."

ಅರ್ಥವಾದಾಗ ನನ್ನ ಕಿವಿ ಬಿಸಿಯಾಯಿತು. ಹಗ್ಗದ ಮೇಲೆ ಎಲ್ಲವೂ ಇರುತ್ತದೆ, ಅದೊಂದು ಇರುವುದಿಲ್ಲ.

"ಕೆಳಗೆ ಇಳಿದು ಹೋಗಿ ಬನ್ನಿ!"

"ಇಳದು, ಮತ್ತ ಮ್ಯಾಲ ಗಚ್ಚಿಗೆ ಏರಿ, ಮತ್ತ ಇಳಿಯೋದ್ರಾಗ ಬಿಸಲು ಗ್ವಾಡಿಗೆ ಬರ್ತದ್ರಿ. ನಡುವ ಬಣ್ಣ ಒಣಗಿದ್ರ ಜೋಡಿನ ಗೆರಿ ಕಾಣ್ತದ. ಠೇಕೇದಾರ ಮತ್ತ ಮ್ಯಾಲಿಂದ ಹೊಡಿ ಅಂತಾನ. ಮೊನ್ನೆ ಹಂಗ ಆಗ್ಯದ."

ಗ್ರಿಲ್ಲಿನಲ್ಲಿ ಆಪತ್ತಿಗೆಂದು ಒಂದು ಪುಟ್ಟ ಬಾಗಿಲಿದೆ. ಅದಕ್ಕೊಂದು ಬೀಗ. ಕೀಲಿ? ದೇವರ ಗೂಡು, ಹೊಲಿಗೆ ಡಬ್ಬಿ, ಬ್ಯಾಟರಿಗಳ ಡ್ರಾಯರು, ಎಲ್ಲ ಹುಡುಕಿದೆ. ಕಡೆಗೆ ಸಿಕ್ಕಿದ್ದು ಒಣಮೆಣಸಿನ ಡಬ್ಬಿಯ ತಳದಲ್ಲಿ. ಕಳ್ಳರು ಅಲ್ಲಿ ಹುಡುಕುವುದಿಲ್ಲವೆಂದು ಇಟ್ಟವಳು ನಾನೇ. ಸೀನುತ್ತ ಬೀಗ ತೆಗೆದೆ.

ಸೊಂಟದ ಸುರಕ್ಷತೆಯ ಹಗ್ಗ ಬಿಚ್ಚದೆಯೇ ಅವರು ಒಳಗೆ ಕಾಲಿಟ್ಟು, ಮೇಲೆ ನೋಡಿ ಕೂಗಿದರು: "ಹಗ್ಗ ಸಡ್ಲ ಬಿಡಲೇ!"

ತಾರಸಿಯಿಂದ ಜೊತೆಗಾರನ ದನಿ: "ಎಲ್ಲಿಗೆ ಹೊಂಟೀ?"

"ಒಳಗ!"

"ಒಳಗಂದ್ರ?"

ಉತ್ತರಕ್ಕೆ ಪುರುಸೊತ್ತಿರಲಿಲ್ಲ. ಬಣ್ಣದ ಕೈ ಎಲ್ಲಿಯೂ ತಾಗದಂತೆ ಎರಡನ್ನೂ ಮೇಲೆತ್ತಿ, ಶರಣಾದವರ ಹಾಗೆ ತುದಿಗಾಲಲ್ಲಿ ಅಡುಗೆಮನೆ ದಾಟಿದರು. ಹಿಂದೆ ಹಗ್ಗ ಗ್ರೈಂಡರನ್ನು ಸುತ್ತಿಕೊಂಡು ಬಾಲದಂತೆ ಬಂತು. ಬಚ್ಚಲಿನ ಬಾಗಿಲು ಒಳಗಿನಿಂದ ಹಾಕಿತ್ತು. ನಮ್ಮವರು ಪೇಪರಿನ ಸಮೇತ ಒಳಗೆ.

"ಬೇಗ ಹೊರಗೆ ಬನ್ನಿ!"

"ಯಾರಿಗೆ ಅರ್ಜೆಂಟು?"

"ಕಿಟಕಿಯಲ್ಲಿ ಬಂದವರಿಗೆ!"

ಒಳಗೆ ಪೇಪರು ಮಡಚಿದ ಸದ್ದು. "ನೀನು ಮೊದಲು ನೀರು ಕುಡಿ," ಎಂದರು ನಮ್ಮವರು. "ಬಿಸಿಲು ತಲೆಗೇರಿದೆ."

ನೀರು ಎಂಬ ಮಾತು ಕೇಳಿ ಪೇಂಟರು ನರಳಿದರು. ಗಂಡಸಿನ ನರಳಾಟ ಕೇಳಿದ್ದೇ ಬಾಗಿಲು ತಟ್ಟನೆ ತೆರೆಯಿತು. ನಮ್ಮವರು ಹೊರಗೆ, ಪೇಂಟರು ಒಳಗೆ; ಹಗ್ಗ ಸಿಕ್ಕಿಕೊಂಡು ಬಾಗಿಲು ಪೂರ್ತಿ ಹಾಕಲಾಗಲಿಲ್ಲ. ನಾನು ಮರ್ಯಾದೆಯಿಂದ ಅಡುಗೆಮನೆಗೆ ಹೋಗಿ, ಗ್ರೈಂಡರನ್ನು ಜೋರಾಗಿ ತಿರುಗಲು ಬಿಟ್ಟೆ. ಅದರಲ್ಲಿ ಏನೂ ಇರಲಿಲ್ಲ.

ಅವರು ಹಗುರಾದ ಮುಖದಲ್ಲಿ ಹೊರಟು, ಹಲಗೆ ಏರಿ, ರೋಲರು ಆಡಿಸಿದ್ದನ್ನು ನಾವಿಬ್ಬರೂ ಕಿಟಕಿಯಲ್ಲಿ ನಿಂತು ನೋಡಿದೆವು. ಅವರು ನೆಲ ಮುಟ್ಟಿದ್ದಕ್ಕೂ ಬಿಸಿಲು ಗೋಡೆಗೆ ಬಂದದ್ದಕ್ಕೂ ಹೆಚ್ಚು ಅಂತರವಿರಲಿಲ್ಲ. ಎಲ್ಲೂ ಜೋಡಿನ ಗೆರೆ ಕಾಣಲಿಲ್ಲ.

ಸಂಜೆ ಲಿಫ್ಟಿನಲ್ಲಿ ಐದನೆಯ ಮಹಡಿಯ ಧಾರವಾಡದ ಕಾಕೂ ಸಿಕ್ಕರು. ಎಲ್ಲ ಹೇಳಿ, ಇನ್ನು ಮುಂದೆ ಪೇಂಟರು ಕೆಳಗಿಳಿದ ಮೇಲೆಯೇ ಕುಡಿಯಲು ಕೊಡೋಣ ಎಂದೆ. ಕಾಕೂ ಹೌದೌದೆಂದು ತಲೆಯಾಡಿಸಿ, ಕೈಯ ಭಾರದ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದರು.

"ಖರೇ ಅದರೀ ನೀವನ್ನೋದು. ನಾಳೆ ಕುಡಿಯೋದೇನೂ ಬ್ಯಾಡ. ಅದಕ್ಕ ಕಲ್ಲಂಗಡಿ ತಂದೇನಿ."