ದರ್ಜಿಯ ಕೈ ಸಡಿಲವಾದದ್ದು

ನಮ್ಮ ಬೀದಿಯ ದರ್ಜಿಯ ಹೆಂಡತಿಗೆ ಎಲ್ಲರೂ ಇಟ್ಟ ಹೆಸರು ರೇಡಿಯೋ ಅಕ್ಕ. ಬೆಳಗ್ಗೆ ಅಂಗಡಿ ತೆಗೆದಾಗ ಶುರುವಾದ ಅವಳ ಮಾತು ಬಾಗಿಲು ಹಾಕುವವರೆಗೂ ನಡೆಯುತ್ತಿತ್ತು. ಗುಂಡಿ ಹಾಕುವುದು, ಅಂಚು ಮಡಿಸುವುದು ಎಲ್ಲ ಅವಳದೇ. ದರ್ಜಿ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ‘ಹೂಂ’ ಅನ್ನುತ್ತಿದ್ದ, ಅಷ್ಟೆ.

ಒಂದು ದಿನ ಅವಳಿಗೆ ಪಾರ್ಶ್ವವಾಯು ಹೊಡೆಯಿತು. ಜೀವ ಉಳಿಯಿತು, ಆದರೆ ಬಲಗೈ, ಬಲಗಾಲು ಸೋತವು, ಮಾತು ನಿಂತಿತು. ದರ್ಜಿ ಅವಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿಕೊಂಡ. ತುತ್ತು ಬಾಯಿಗಿಟ್ಟ, ತಲೆ ಬಾಚಿದ, ನಡೆಸುವಾಗ ರಟ್ಟೆಯನ್ನು ಬಿಗಿಯಾಗಿ ಹಿಡಿದ. ಅವಳು ಲೋಟಕ್ಕೆ ಎಡಗೈ ಚಾಚಿದರೂ ಅವನ ಕೈಯೇ ಮುಂದೆ. ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ನರ್ಸಮ್ಮ, “ಅವ್ರೇ ಮಾಡ್ಲಿ, ಬಿಡಿ” ಎಂದರೆ, “ಬಿದ್ರೆ ಎತ್ತೋಕೆ ನೀವು ಬರ್ತೀರಾ?” ಎಂದು ಬಾಯಿ ಮುಚ್ಚಿಸುತ್ತಿದ್ದ. ತಿಂಗಳುಗಳು ಕಳೆದರೂ ಅವಳು ಚೇತರಿಸಿಕೊಳ್ಳಲಿಲ್ಲ. ಅವನೂ ಸೊರಗಿ ಕಡ್ಡಿಯಾದ.

ಒಂದು ಭಾನುವಾರ ಚರ್ಚಿನಲ್ಲಿ ಬೈಬಲಿನ ಕೀರ್ತನೆಯ ಸಾಲೊಂದನ್ನು ಓದಿದರು: ‘ಸುಮ್ಮನಿರಿ, ನಾನೇ ದೇವರೆಂದು ತಿಳಿಯಿರಿ.’ ದರ್ಜಿಗೆ ಮೈಯೆಲ್ಲ ಉರಿಯಿತು. ಆರಾಧನೆ ಮುಗಿದದ್ದೇ ಪಾದ್ರಿಗಳ ಕೋಣೆಗೆ ನುಗ್ಗಿದ.

“ನಮ್ಮನೇಲಿ ಒಬ್ಬಳು ಆಗ್ಲೇ ಸುಮ್ಮನಾಗಿದ್ದಾಳೆ. ಇನ್ನೆಷ್ಟು ಸುಮ್ಮನಿರ್ಬೇಕಂತಾನೆ ನಿಮ್ ದೇವ್ರು?”

ಪಾದ್ರಿಗಳು ಕುರ್ಚಿ ಎಳೆದು ಅವನನ್ನು ಕೂರಿಸಿದರು. “ಬಾಯಿ ಮುಚ್ಕೊಂಡಿರಿ ಅಂತಲ್ಲಪ್ಪ ಅದು. ಮೂಲ ಹೀಬ್ರೂ ಭಾಷೇಲಿ ಅಲ್ಲಿರೋದು ‘ರಫಾ’ ಅನ್ನೋ ಮಾತು. ಸಡಿಲ ಬಿಡು, ಬಿಗಿ ಹಿಡಿದ ಕೈ ಇಳಿಸು ಅಂತ ಅರ್ಥ. ದೇವರು ಯುದ್ಧ ನಿಲ್ಲಿಸ್ತಾನೆ ಅನ್ನೋ ಮಾತಿನ ನಡುವೆ ಬರುತ್ತೆ.”

“ಅವಳ ಕೈ ಬಿಟ್ಬಿಡು ಅಂತೀರಾ?”

“ಕೈ ಬಿಡೋದು ಬೇರೆ, ಹಿಡಿತ ಸಡಿಲ ಮಾಡೋದು ಬೇರೆ. ಇನ್ನು ‘ತಿಳಿಯಿರಿ’ ಅನ್ನೋ ಕಡೆ ‘ಯಾದಾ’ ಅಂತಿದೆ. ಬರೀ ತಲೇಲಿ ತಿಳಿಯೋದಲ್ಲ, ಒಡನಾಡಿ ತಿಳಿಯೋದು. ಗಂಡ ಹೆಂಡ್ತೀನ ಬಲ್ಲ ಅನ್ನೋಕೂ ಅದೇ ಮಾತು.”

ದರ್ಜಿ ಎದ್ದು ಬಂದ. ದಾರಿಯುದ್ದಕ್ಕೂ ಒಂದೇ ಕೊರೆತ: ಇವಳಿಗೆ ಏನು ಬೇಕೆಂದು ತಾನು ಒಮ್ಮೆಯಾದರೂ ಕೇಳಿದ್ದುಂಟೆ?

ಮನೆಗೆ ಬಂದವನೇ ಅವಳ ಪಕ್ಕದಲ್ಲಿ ಕೂತು ರಟ್ಟೆ ಹಿಡಿದು ಕೇಳಿದ, “ನಿಂಗೇನು ಬೇಕು, ಹೇಳೇ.”

ಅವಳ ತುಟಿ ಅದುರಿತು. ನೀರೇ, ದಿಂಬೇ ಎಂದು ತಾನೇ ಊಹಿಸಿ ಹೇಳಲು ಹೋದವನು ನಾಲಿಗೆ ಕಚ್ಚಿಕೊಂಡು ಕಾದ.

“ಬಿ... ಡಿ” ಎಂದಳು, ಅವನ ಕೈಯನ್ನೇ ನೋಡುತ್ತ.

ಅವನು ಕೈ ತೆಗೆದ. ಅವಳು ಮೇಜಿನ ಅಂಚು ಹಿಡಿದು ಎದ್ದಳು. ಓಲಾಡಿದಳು. ಮುಂದೆ ಹೋದ ತನ್ನ ಕೈಗಳನ್ನು ಅವನು ಬೆನ್ನ ಹಿಂದೆ ಕಟ್ಟಿಕೊಂಡ. ಅವಳು ಕಾಲೆಳೆಯುತ್ತ ಹೊಲಿಗೆ ಯಂತ್ರದ ಬಳಿ ಹೋಗಿ ಸ್ಟೂಲಿನ ಮೇಲೆ ಕೂತು, ಮಗುವಿನ ಹಾಗೆ ನಕ್ಕಳು. ದರ್ಜಿ ಅತ್ತುಬಿಟ್ಟ.

ಆಮೇಲೆ ಅವಳು ಬಿದ್ದದ್ದೂ ಉಂಟು, ಮೊಣಕಾಲು ತರಚಿದ್ದೂ ಉಂಟು. ನರ್ಸಮ್ಮ ಹುರುಪಿನಿಂದ ಹೊಸ ವ್ಯಾಯಾಮ ಕಲಿಸಿದಳು. ಮೆಲ್ಲಗೆ ಬೆರಳುಗಳಿಗೆ ಕಸುವು ಬಂತು, ತೊದಲುತ್ತಲೇ ಮಾತು ಬಂತು. ಈಗ ಅವಳು ಅಂಗಡಿಯಲ್ಲಿ ದೊಡ್ಡ ಗುಂಡಿಗಳನ್ನು ಹಾಕುತ್ತಾಳೆ. ಅವಳು ಒಂದು ಮಾತು ಮುಗಿಸುವವರೆಗೆ ಗಿರಾಕಿಗಳು ಕಾಯುತ್ತಾರೆ.

ಮೊನ್ನೆ ಪಾದ್ರಿಗಳು ಹೊಸ ನಿಲುವಂಗಿಯ ಅಳತೆ ಕೊಡಲು ಬಂದಿದ್ದರು. ಅವರು ತೊಟ್ಟಿದ್ದ ಹಳೆಯ ಅಂಗಿಯನ್ನು ಅವಳು ಮೇಲಿಂದ ಕೆಳಗೆ ನೋಡಿದಳು.

“ತೋಳು... ತುಂಬಾ ಉದ್ದ” ಎಂದಳು. ಸ್ವಲ್ಪ ತಡೆದು, “ನಿಮ್... ಉಪದೇಶಾನೂ.”