ಡಸ್ಟರ್ ಮೇಲೆ ಕೂರುತ್ತಿದ್ದ ಸಿಸ್ಟರ್

ಸಿಸ್ಟರ್ ಉಡುತ್ತಿದ್ದ ಬೂದು ಬಣ್ಣದ ಸೀರೆಯ ಹಿಂಭಾಗದಲ್ಲಿ, ಸರಿಯಾಗಿ ಕೂರುವ ಜಾಗದಲ್ಲಿ, ಯಾವಾಗಲೂ ಚಾಕಿನ ಪುಡಿಯ ಉದ್ದನೆಯ ಬಿಳಿ ಗುರುತು ಇರುತ್ತಿತ್ತು. ಮಂಜು ಮುಸುಕಿದ ಬೆಳಗಿನಲ್ಲಿ ಕಾರಿಡಾರಿನ ಆ ತುದಿಯಲ್ಲಿ ನಡೆಯುತ್ತಿರುವವರು ಯಾರೆಂದು ಮುಖ ನೋಡಿ ತಿಳಿಯಬೇಕಿರಲಿಲ್ಲ, ಬೆನ್ನು ತಿರುಗಿಸಿದರೆ ಸಾಕಿತ್ತು. ಕಾರಣ ಸರಳ. ಕ್ಲಾಸಿಗೆ ಬಂದ ಕೂಡಲೇ ಅವರು ಬೋರ್ಡಿನ ಡಸ್ಟರನ್ನು ಎತ್ತಿ ತಮ್ಮ ಕುರ್ಚಿಯ ಮೇಲಿಟ್ಟು ಅದರ ಮೇಲೆ ಕೂತುಬಿಡುತ್ತಿದ್ದರು. ಪಾಠ ಮುಗಿಯುವವರೆಗೆ ಬೋರ್ಡಿನ ಮೇಲಿದ್ದ ಒಂದಕ್ಷರವನ್ನೂ ಯಾರೂ ಅಳಿಸುವಂತಿರಲಿಲ್ಲ.

ನಾನು ಓದಿದ್ದು ಸಕಲೇಶಪುರದ ಪಕ್ಕದ ಗುಡ್ಡದ ಮೇಲಿದ್ದ ಕ್ರಿಶ್ಚಿಯನ್ ಕಾಲೇಜಿನಲ್ಲಿ. ಬಿ.ಕಾಂ. ಕ್ಲಾಸುಗಳಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ನಮ್ಮ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಕ್ಲಾಸಿನಲ್ಲಿ ಮಾತ್ರ ಹಿಂದಿನ ಬೆಂಚುಗಳು ಖಾಲಿ ಹೊಡೆಯುತ್ತಿದ್ದವು. ಪ್ರಯೋಗ ಕೈಕೊಟ್ಟರೆ ಫಿಸಿಕ್ಸ್ ಸರ್ ಕರೆಂಟನ್ನು ಬೈಯುತ್ತಿದ್ದರು, ಕೆಮಿಸ್ಟ್ರಿ ಮೇಡಂ ನಲ್ಲಿ ನೀರನ್ನು ದೂರುತ್ತಿದ್ದರು. ಗಣಿತದ ಸಿಸ್ಟರಿಗೆ ದೂರಲು ಏನೂ ಇರಲಿಲ್ಲ. ಕಾನ್ವೆಂಟಿನಲ್ಲಿ ಬೇರೆ ಸಿಸ್ಟರುಗಳೂ ಇದ್ದರು, ಆದರೆ ಬರೀ ‘ಸಿಸ್ಟರ್’ ಎಂದರೆ ಕಾಲೇಜಿಗೆಲ್ಲ ಇವರೊಬ್ಬರೇ. ಅರ್ಧ ಮಾರ್ಕು ಹೆಚ್ಚಿಗೆ ಕೊಡಬೇಕೆಂದರೆ ಅವರ ಜೀವ ಹೋಗುತ್ತಿತ್ತು. ಚರ್ಚಿನಲ್ಲಿ ಹಾಡಲು ನಿಂತರೆ ಶ್ರುತಿ ಅತ್ತ, ಸಿಸ್ಟರ್ ಇತ್ತ. ಅದರ ಬಗ್ಗೆ ಅವರಿಗೆ ಕಿಂಚಿತ್ತೂ ನಾಚಿಕೆ ಇರಲಿಲ್ಲ, ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದರು.

ಅಡ್ಮಿಷನ್ ದಿನ ಬೆಳಗೋಡಿನಿಂದ ಅಪ್ಪನ ಜೊತೆ ಬಂದಿದ್ದೆ. ಅಪ್ಪ ಹಣೆ ತುಂಬ ವಿಭೂತಿ ಬಳಿದುಕೊಂಡು, ಮದುವೆಗೆಂದು ಹೊಲಿಸಿದ್ದ ಬಿಳಿ ಅಂಗಿ ತೊಟ್ಟು, ಶಿಲುಬೆಯ ಕೆಳಗಿನ ಬೆಂಚಿನ ಮೇಲೆ ಆರಾಮಾಗಿ ಕೂತಿದ್ದರು. ಸಿಸ್ಟರ್ ನನ್ನ ಪಿಯುಸಿ ಮಾರ್ಕ್ಸ್ ಕಾರ್ಡನ್ನು ನೋಡಿದರು. ಗಣಿತದಲ್ಲಿ ನಾನು ಸಪ್ಲಿಮೆಂಟರಿ ಕಟ್ಟಿ, ಏದುಸಿರು ಬಿಡುತ್ತ ಪಾಸಾದವಳು. ಸಿಸ್ಟರ್ ಮಂಗಳೂರು ಕಡೆಯವರು. ಎಷ್ಟು ವರ್ಷ ನಮ್ಮ ಘಟ್ಟದ ಮೇಲಿದ್ದರೂ ಮಾತು ಮಾತ್ರ ಘಟ್ಟ ಹತ್ತಿರಲಿಲ್ಲ.

“ಈ ಹುಡುಗಿಗೆ ಗಣಿತ ಆಗಲಿಕ್ಕಿಲ್ಲ” ಎಂದು ಅಪ್ಪನಿಗೆ ಹೇಳಿದರು. “ಬೇರೆ ಎಂತಾದರೂ ತೆಗೆದುಕೊಳ್ಳಲಿ.”

ನನಗೆ ಉರಿದುಹೋಯಿತು. ನಮ್ಮ ಹೈಸ್ಕೂಲಿನಲ್ಲಿ ಬಹಳ ಕಾಲ ಗಣಿತಕ್ಕೆ ಮೇಷ್ಟರೇ ಇರಲಿಲ್ಲ. ಆಟದ ಮೇಷ್ಟರು ಸೀಟಿ ಕೊರಳಿಗೆ ಹಾಕಿಕೊಂಡೇ ಬಂದು ಪುಸ್ತಕದಲ್ಲಿದ್ದ ಲೆಕ್ಕವನ್ನು ಬೋರ್ಡಿಗೆ ಇಳಿಸಿ ಹೋಗುತ್ತಿದ್ದರು. ನಾನು ಗಣಿತದ ಮೇಡಂ ಆಗಬೇಕು, ನಮ್ಮ ಕಡೆಯ ಸ್ಕೂಲಿಗೇ ಹೋಗಬೇಕು ಎಂದು ಆಗಲೇ ತೀರ್ಮಾನಿಸಿದ್ದೆ. ಅದನ್ನೇ ಒದರಿದೆ. ಸಿಸ್ಟರ್ ಕನ್ನಡಕ ತೆಗೆದು ಅಪ್ಪನ ಮುಖ ನೋಡಿದರು.

“ಹಠ ಹಿಡಿದ್ರೆ ಬುಡೋಳಲ್ಲ ಇವ್ಳು. ಸೇರುಸ್ಕಳಿ ಸಿಸ್ಟರಮ್ಮ. ಆಗಲ್ಲ ಅಂತ ನಿಮ್ಗೆ ಅನ್ನಿಸಿದ ದಿನ ಒಂದು ಮಾತು ಹೇಳಿ, ನಾನೇ ಬಂದು ಕರ್ಕೊಂಡೋಗ್ತೀನಿ” ಎಂದರು ಅಪ್ಪ.

ಕ್ರಿಸ್‌ಮಸ್ ರಜೆಯವರೆಗೆ ಗಡುವು ಸಿಕ್ಕಿತು. ಅಷ್ಟರೊಳಗೆ ನಾನು ಗಣಿತಕ್ಕೆ ಲಾಯಕ್ಕೆಂದು ಸಿಸ್ಟರಿಗೆ ಅನ್ನಿಸದಿದ್ದರೆ ಗಂಟುಮೂಟೆ ಕಟ್ಟಬೇಕು. ಅಪ್ಪ ಮಾತಿನ ಮನುಷ್ಯ, ಒಮ್ಮೆ ಮನೆಗೆ ಕರೆದುಕೊಂಡು ಹೋದರೆ ಇನ್ನೊಂದು ಕಾಲೇಜಿನ ಮಾತು ಎತ್ತುವವರಲ್ಲ. ನನ್ನ ಓದೆಲ್ಲ ಡಸ್ಟರಿನ ಮೇಲೆ ಕೂತ ಆ ಒಬ್ಬ ಹೆಂಗಸಿನ ಒಂದು ಮಾತಿನ ಮೇಲೆ ನಿಂತಿತು.

ಮೊದಲ ವಾರವೇ ಬೋರ್ಡಿಗೆ ಕರೆದರು. ಲೆಕ್ಕ ಮಕ್ಕಳಾಟದ್ದು. ಎಕ್ಸನ್ನು ಎಕ್ಸಿನಿಂದಲೇ ಗುಣಿಸಿದರೆ ಮತ್ತೆ ಎಕ್ಸೇ ಬರುತ್ತದೆ, ಹಾಗಾದರೆ ಎಕ್ಸ್ ಎಷ್ಟು? ನಾನು ಎರಡೂ ಕಡೆಯಿಂದ ಒಂದೊಂದು ಎಕ್ಸನ್ನು ಹೊಡೆದುಹಾಕಿ, ಉತ್ತರ ಒಂದು ಎಂದು ಬರೆದು ಜಂಬದಿಂದ ತಿರುಗಿದೆ.

“ಸೊನ್ನೆ ಎಂತ ತಪ್ಪು ಮಾಡಿತ್ತು ಮಾರಾಯ್ತಿ? ಅದೂ ಉತ್ತರವೇ ಅಲ್ವಾ? ನೀನು ಎಕ್ಸನ್ನು ಹೊಡೆದು ಹಾಕಿದಾಗ ಅದೂ ಹೋಯ್ತು.”

ನಾನು ಅಳಿಸಲು ಅಂಗೈ ಎತ್ತಿದೆ. “ಅಳಿಸ್ಬೇಡ. ಅದಕ್ಕೊಂದು ಮನೆ ಕಟ್ಟು” ಎಂದರು. ಮನೆ ಎಂದರೆ ತಪ್ಪಾದ ಸಾಲಿನ ಸುತ್ತ ಒಂದು ಚೌಕ. ಪಕ್ಕದಲ್ಲಿ ಯಾಕೆ ತಪ್ಪು ಎಂದು ಬರೆಯಬೇಕು. ಕೆಳಗಿನಿಂದ ಲೆಕ್ಕ ಮುಂದುವರಿಸಬೇಕು. ಅಳಿಸಿದ ತಪ್ಪು ಊರೂರು ಅಲೆದು ಮತ್ತೆ ನಿಮ್ಮ ಹತ್ತಿರವೇ ಬರುತ್ತದೆ, ಮನೆ ಕಟ್ಟಿಕೊಟ್ಟರೆ ವಿಳಾಸವಾದರೂ ಗೊತ್ತಿರುತ್ತದೆ ಎನ್ನುವುದು ಅವರ ವಾದ. ನಮ್ಮ ನೋಟ್ಸಿನಲ್ಲೂ ಅದೇ ಕಾನೂನು. ರಬ್ಬರ್ ತಂದವರಿಗೆ ಕ್ಲಾಸಿನಲ್ಲಿ ಜಾಗವಿರಲಿಲ್ಲ.

ಆ ತಿಂಗಳುಗಳಲ್ಲಿ ನಾನು ಕಟ್ಟಿದಷ್ಟು ಮನೆಗಳನ್ನು ಯಾವ ಮೇಸ್ತ್ರಿಯೂ ಕಟ್ಟಿರಲಾರ. ನಾನು ಬೋರ್ಡಿನಿಂದ ಇಳಿದು ಬಂದರೆ ಹುಡುಗಿಯರು, “ಬೆಳಗೋಡು ಲೇಔಟಲ್ಲಿ ಇವತ್ತು ಎಷ್ಟು ಸೈಟು ಹೋದ್ವೇ?” ಎಂದು ಕಿಚಾಯಿಸುತ್ತಿದ್ದರು. ನಾನೂ ನಗುತ್ತಿದ್ದೆ. ಬಸ್ಸು ಹತ್ತಿದ ಮೇಲೆ ಮಾತ್ರ ಕ್ರಿಸ್‌ಮಸ್ ರಜೆಗೆ ಇನ್ನೆಷ್ಟು ದಿನವೆಂದು ಎಣಿಸುತ್ತಿದ್ದೆ.

ಮನೆಯಲ್ಲಿ ಅಜ್ಜಿಗೆ ಬೇರೆಯದೇ ಚಿಂತೆ. ಕಾಲೇಜಿನಿಂದ ಬಂದ ಕೂಡಲೇ “ಲಿಂಗ ಐತೇನೇ ಕೊರಳಲ್ಲಿ?” ಎಂದು ಕೈಹಾಕಿ ನೋಡುತ್ತಿದ್ದರು. ನಿಜ ಹೇಳಬೇಕೆಂದರೆ ಅದನ್ನು ಕಾಯ್ದವರು ಸಿಸ್ಟರೇ. ಒಮ್ಮೆ ಶಿವದಾರ ಹೊರಗೆ ಜೋತಾಡುತ್ತಿದ್ದುದನ್ನು ನೋಡಿ, ಕೆಮಿಸ್ಟ್ರಿ ಲ್ಯಾಬಿನಲ್ಲಿ ಬೆಂಕಿಗೆ ತಾಗೀತು, ಒಳಗೆ ಹಾಕಿಕೋ ಎಂದು ಗದರಿದ್ದರು. ಸೋಮವಾರ ನಾನು ಸಂಜೆಯವರೆಗೆ ಊಟ ಮಾಡುವುದಿಲ್ಲವೆಂದು ಅವರಿಗೆ ಹೇಗೋ ತಿಳಿಯಿತು. ಅಂದಿನಿಂದ ಸೋಮವಾರದ ಊಟದ ಬಿಡುವು ನನ್ನ ಪಾಲಿಗೆ ಸ್ಪೆಷಲ್ ಕ್ಲಾಸಾಯಿತು. ಉಪವಾಸದಲ್ಲಿ ತಲೆ ಚುರುಕಾಗಿರುತ್ತದೆ, ತಮಗೂ ಅನುಭವವಿದೆ ಎಂದರು. ನನ್ನ ಮುಂದೆ ತಿನ್ನಬಾರದೆಂದು ಆ ದಿನ ಅವರೂ ಊಟ ಬಿಡುತ್ತಿದ್ದರೆಂದು ಕಾನ್ವೆಂಟಿನ ಅಡುಗೆಯವರಿಂದ ಎಷ್ಟೋ ಕಾಲದ ಮೇಲೆ ತಿಳಿಯಿತು.

ಡಿಸೆಂಬರ್ ಬಂತು, ಕಾಫಿ ಹಣ್ಣಾಯಿತು. ನಮ್ಮದು ಗದ್ದೆಯ ಮೇಲಿನ ತುಂಡು ತೋಟ. ಆಳು ಸಿಗದೆ ಮನೆಯವರೇ ಕುಯ್ಲಿಗೆ ಇಳಿದೆವು. ಒಂದು ವಾರಕ್ಕೂ ಹೆಚ್ಚು ಕಾಲೇಜು ತಪ್ಪಿತು. ಗಡುವು ಹತ್ತಿರ ಬಂದಾಗಲೇ ಹೀಗಾಯಿತಲ್ಲ ಎಂದು ಗಿಡದ ಮರೆಯಲ್ಲಿ ಕಣ್ಣೀರು ಹಾಕಿದ್ದುಂಟು. ಗೆಳತಿಯ ನೋಟ್ಸನ್ನು ತರಿಸಿಕೊಂಡು ಕಣದ ಪಕ್ಕ ಕೂತು ಓದಿದೆ. ಸಿಸ್ಟರ್ ಆ ವಾರ ಬೋರ್ಡಿನ ಮೇಲೆ ತಾವೇ ಬಿಡಿಸಿ ತೋರಿಸಿದ ಒಂದು ದೊಡ್ಡ ಲೆಕ್ಕ ಅದರಲ್ಲಿತ್ತು, ಎರಡು ಪುಟದ್ದು. ಎರಡನೇ ಸಾಲಿನಲ್ಲೇ ನನ್ನ ಕಣ್ಣು ನಿಂತಿತು. ಅವರು ವೈ ಎಂಬ ಅಕ್ಷರವನ್ನು ಎರಡೂ ಕಡೆಯಿಂದ ಹೊಡೆದುಹಾಕಿದ್ದರು. ವೈ ಸೊನ್ನೆಯಾದರೆ? ಆ ಉತ್ತರ ಎಲ್ಲಿ ಹೋಯಿತು? ಗೆಳತಿ ಇಳಿಸಿಕೊಳ್ಳುವಾಗ ಬಿಟ್ಟಿರಬೇಕೆಂದು ಕೊನೆಯವರೆಗೆ ಹುಡುಕಿದೆ. ಇರಲಿಲ್ಲ. ಆ ತಪ್ಪಿನ ಮನೆ ನನಗೆ ಚೆನ್ನಾಗಿ ಗೊತ್ತು, ನಾನೇ ಅದರಲ್ಲಿ ಬಾಡಿಗೆಗಿದ್ದವಳು.

ರಜೆಗೆ ಮುಂಚಿನ ಕೊನೆಯ ಕ್ಲಾಸಿಗೆ ಹೋದೆ. ಕಾಫಿ ಹಣ್ಣಿನ ಕಲೆ ಬೆರಳಿನಿಂದ ಇನ್ನೂ ಹೋಗಿರಲಿಲ್ಲ. ಸಿಸ್ಟರ್ ಹೆಸರು ಕರೆದು, ತಪ್ಪಿಸಿಕೊಂಡ ಪಾಠ ಓದಿದೆಯಾ ಎಂದು ಕೇಳಿದರು. ಓದಿದೆ ಎಂದೆ. ಹಾಗಾದರೆ ಆ ಲೆಕ್ಕವನ್ನು ಬಿಡಿಸು ಎಂದು ಚಾಕ್ ಕೊಟ್ಟು ಡಸ್ಟರಿನ ಮೇಲೆ ಕೂತರು. ನಾನು ಮೊದಲ ಸಾಲು ಬರೆದೆ. ಎರಡನೆಯ ಸಾಲನ್ನು ಅವರು ಬರೆದಂತೆಯೇ ಬರೆದು, ಅದರ ಸುತ್ತ ಚೌಕ ಎಳೆದೆ. ಕ್ಲಾಸು ನಕ್ಕಿತು, ಇನ್ನೂ ತಪ್ಪೇ ಆಗಿಲ್ಲ, ಆಗಲೇ ಮನೆ ಕಟ್ಟಿದಳು ಎಂದು.

“ಇದು ನಂದಲ್ಲ ಸಿಸ್ಟರ್” ಎಂದೆ. “ನಿಮ್ದು. ಸೊನ್ನೆನ ನೀವೂ ಹೊಡ್ದು ಹಾಕ್ಬುಟ್ಟಿದ್ದೀರಿ.”

ನಗು ನಿಂತಿತು. ಸಿಸ್ಟರ್ ಬೋರ್ಡನ್ನು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅವರು ಎದ್ದು ಬಂದು ನನ್ನ ಕೈಯಿಂದ ಚಾಕ್ ತೆಗೆದುಕೊಂಡು, ಚೌಕದ ಪಕ್ಕದಲ್ಲಿ ತಪ್ಪಿನ ಕಾರಣವನ್ನು ತಮ್ಮ ಕೈಯಾರೆ ಬರೆದರು. ಆಮೇಲೆ ಬೋರ್ಡಿನ ಮೇಲ್ತುದಿಗೆ ಹೋಗಿ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲು ಬರೆದರು. ‘ಈ ಹುಡುಗಿಗೆ ಗಣಿತ ಆಗಲಿಕ್ಕಿಲ್ಲ.’ ಅದರ ಸುತ್ತಲೂ ನಿಧಾನವಾಗಿ ಚೌಕ ಎಳೆದರು.

ಕ್ಲಾಸು ಮುಗಿದು ಗುಡಿಸುವ ಅಕ್ಕ ಬಟ್ಟೆ ಹಿಡಿದು ಬಂದಾಗ, “ಅದನ್ನು ಒರೆಸ್ಬೇಡ ಮಾರಾಯ್ತಿ. ಅದು ನನ್ನ ಮನೆ” ಎಂದರು. ರಜೆಯುದ್ದಕ್ಕೂ ಅದು ಹಾಗೇ ಇತ್ತು. ಜನವರಿಯಲ್ಲಿ ಅಪ್ಪ ಫೀಸು ಕಟ್ಟಲು ಬಂದವರು ಕಿಟಕಿಯಿಂದ ನೋಡಿ, ಓದಿ, ಬಸ್‌ಸ್ಟ್ಯಾಂಡಿನಲ್ಲಿ ನನಗೆ ಮಸಾಲೆ ದೋಸೆ ಕೊಡಿಸಿದರು.

ನಾನೀಗ ಆಲೂರು ತಾಲ್ಲೂಕಿನ ಮಗ್ಗೆಯಲ್ಲಿ ಹೈಸ್ಕೂಲಿನ ಗಣಿತದ ಮೇಡಂ. ಸಿಸ್ಟರ್ ನಿವೃತ್ತರಾಗಿ ಮಂಗಳೂರಿನ ಕಾನ್ವೆಂಟಿಗೆ ಹೋದ ಮೇಲೂ ಹೊಸ ವರ್ಷಕ್ಕೆ ನಾನು ಫೋನ್ ಮಾಡಿದರೆ, ಈ ಸಲ ಎಷ್ಟು ಮನೆ ಕಟ್ಟಿಸಿದೆ ಎಂಬುದೇ ಅವರ ಮೊದಲ ಪ್ರಶ್ನೆಯಾಗಿರುತ್ತಿತ್ತು. ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಸಿಕ್ಕಿದ ಬಸ್ಸು ಹತ್ತಿದೆ. ದೋಣಿಗಲ್ ಹತ್ತಿರ ಲಾರಿಗಳ ಸಾಲು ಅಲುಗಾಡದೆ ನಿಂತಿತ್ತು. ನಾನು ತಲುಪುವಷ್ಟರಲ್ಲಿ ಮಣ್ಣಾಗಿತ್ತು, ಜನ ಚದುರಿದ್ದರು. ಹಸಿ ಮಣ್ಣಿನ ಮುಂದೆ ನಿಂತು ಚೆನ್ನಾಗಿ ಅತ್ತೆ, ನಮ್ಮ ಪದ್ಧತಿಯಂತೆ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಮರುದಿನ ಎಂಟನೇ ತರಗತಿಗೆ ಹೋದವಳು ಡಸ್ಟರನ್ನು ಕುರ್ಚಿಯ ಮೇಲಿಟ್ಟು ಕೂತುಬಿಟ್ಟೆ. ಅಲ್ಲಿಯವರೆಗೆ ಹಾಗೆ ಮಾಡಿದವಳಲ್ಲ, ಮೇಜಿನ ಡ್ರಾಯರಿನಲ್ಲಿ ಇಡುತ್ತಿದ್ದೆ. ಬೆಲ್ಲಾಗಿ ಹೊರಡುವಾಗ ಮುಂದಿನ ಬೆಂಚಿನ ಹುಡುಗಿ ಓಡಿಬಂದು ಕಿವಿಯಲ್ಲಿ, “ಮಿಸ್, ಸೀರೆ ಹಿಂದೆ ಚಾಕ್ ಆಗ್ಬುಟ್ಟೈತೆ, ಒರೆಸ್ಲಾ?” ಎಂದಳು.

“ಬ್ಯಾಡ ಬುಡು, ಇರ್ಲಿ” ಎಂದು ಹಾಗೇ ಸ್ಟಾಫ್ ರೂಮಿಗೆ ನಡೆದೆ.